ಮೇಸ್ತ್ರಿಯ ಹೆಸರು ಕೇಳಿದ್ದಕ್ಕೆ: ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯಾ,

ಇದನ್ನು ಫೋನಿನಲ್ಲೇ ಹೇಳಿಬಿಡೋಣ ಅಂತ ಮೂರು ಸಲ ನಿನ್ನ ನಂಬರ್ ತೆಗೆದೆ, ಮೂರು ಸಲವೂ ಬಿಟ್ಟೆ. ಮಾತಿನಲ್ಲಿ ಹೇಳಹೊರಟರೆ ನೀನು "ಇರಲಿ ಬಿಡೋ" ಅಂತೀಯ, ಅಲ್ಲಿಗೆ ಮುಗಿದೇ ಹೋಗುತ್ತೆ. ಅದಕ್ಕೇ ಬರೆಯುತ್ತಿದ್ದೇನೆ. ಎಲ್ಲರೂ ಓದುವ ಹಾಗೆ ಹಾಕಲಾ ಅಂತ ಮೊನ್ನೆ ಕೇಳಿದಾಗ ನೀನು "ಹಾಕು" ಅಂತ ಒಂದೇ ಮಾತು ಕಳಿಸಿದೆ. ಹಾಕಲೇಬೇಕು ಅನ್ನಿಸಿತ್ತು. ಯಾಕೆಂದರೆ ಆ ಪ್ರಶ್ನೆಯನ್ನು ನಾನು ಕೇಳಿದ್ದೂ ಎಲ್ಲರ ಮುಂದೆಯೇ.

ಎರಡು ವರ್ಷದ ಹಿಂದಿನ ಆ ಭಾನುವಾರ ನಿನಗೆ ನೆನಪಿಲ್ಲದೆ ಇರಲ್ಲ. ನಮ್ಮ ಮನೆಯ ಮಹಡಿ, ಹತ್ತು ಹನ್ನೆರಡು ಜನ, ಚಾಪೆ, ಚಹಾ. ನೀನು ಓದಿದ್ದು ಮೋಟಾರ್ ವೈಂಡಿಂಗ್ ಮಾಡುವ ಮೇಸ್ತ್ರಿಯ ಕಥೆ. ಊರಾಚೆ ಶುಂಠಿ ಹೊಲ, ಬೋರಿನ ಮೋಟಾರ್ ಸುಟ್ಟು ಎಂಟು ದಿನ ಆಗಿದೆ, ಗಿಡ ಬಾಡುತ್ತಿದೆ. ಮೇಸ್ತ್ರಿ ಹೊಸದಾಗಿ ತಂತಿ ಸುತ್ತಿ ತಂದಿದ್ದಾನೆ, ಮೋಟಾರ್ ಬೋರಿಗೆ ಇಳಿಸಿಯೂ ಆಗಿದೆ, ಆದರೆ ತ್ರೀ ಫೇಸ್ ಕರೆಂಟ್ ಬರುವುದು ರಾತ್ರಿ ಎಷ್ಟು ಹೊತ್ತಿಗೋ. ರೈತ ಮತ್ತು ಮೇಸ್ತ್ರಿ ಸ್ಟಾರ್ಟರ್ ಪೆಟ್ಟಿಗೆ ಪಕ್ಕದಲ್ಲಿ ಒಂದೇ ಗೋಣಿಚೀಲದ ಮೇಲೆ ಕೂತು ಕಾಯುತ್ತಾರೆ. ಮಾತು ಕಡಿಮೆ. ಬೀಡಿ, ಸೊಳ್ಳೆ, ದೂರದಲ್ಲಿ ಯಾವುದೋ ಲಾರಿ. ಕರೆಂಟ್ ಬರುವ ಮೊದಲೇ ಕಥೆ ಮುಗಿದುಹೋಗುತ್ತೆ.

ನೀನು ಓದಿ ಮುಗಿಸಿದಾಗ ಒಂದು ಗಳಿಗೆ ಯಾರೂ ಮಾತಾಡಲಿಲ್ಲ. ಆ ಮೌನ ಒಳ್ಳೆಯದಿತ್ತು. ಅದನ್ನು ಮುರಿದವನು ನಾನು. "ಮೇಸ್ತ್ರಿಗೆ ಹೆಸರೇ ಇಲ್ವಲ್ಲೋ? ಇದರಲ್ಲಿ ನಿಮ್ಮವರ ಬದುಕು ಎಲ್ಲೂ ಕಾಣಲ್ವಲ್ಲ" ಅಂದೆ. ಇನ್ನೂ ಇಬ್ಬರು ಹೌದು ಹೌದು ಅಂದರು. ನೀನು ಹಾಳೆ ಮಡಚಿ ಜೇಬಿಗೆ ಇಟ್ಟುಕೊಂಡು "ಚಹಾ ಆರ್ತಾ ಇದೆ, ಕುಡೀರಿ" ಅಂದೆ. ಅದಾದ ಮೇಲೆ ನಮ್ಮ ಮಹಡಿಯಲ್ಲಿ ನೀನು ಕಥೆ ಓದಲಿಲ್ಲ. ಬರೆಯುವುದನ್ನೇ ಬಿಟ್ಟಿದ್ದೀಯ ಅಂತ ಗೊತ್ತಾಗಿದ್ದು ಈ ರಂಜಾನ್‌ನಲ್ಲಿ, ನಿಮ್ಮ ಅಮ್ಮಿ ಬಾಯಲ್ಲಿ.

"ನಿಮ್ಮವರು." ಹತ್ತನೇ ಕ್ಲಾಸಿಂದ ಒಂದೇ ಬೆಂಚು, ಒಂದೇ ಡಬ್ಬಿ, ನಿಮ್ಮ ಅಬ್ಬಾ ತೀರಿಕೊಂಡಾಗ ರಾತ್ರಿಯೆಲ್ಲ ನಿಮ್ಮ ಅಂಗಡಿ ಮುಂದೆ ಕೂತವನು ನಾನು. ಆ ಮಾತು ನನ್ನ ಬಾಯಿಂದ ಹೇಗೆ ಬಂತು ಅಂತ ಈಗಲೂ ಯೋಚಿಸುತ್ತೇನೆ. ನಿನ್ನ ಬಗ್ಗೆ ನನಗೆ ಅಂಥ ಭಾವನೆ ಇರಲಿಲ್ಲ. ನಿನ್ನ ಕಥೆಯ ಬಗ್ಗೆ ಇತ್ತು. ಬದುಕಿನಲ್ಲಿ ನೀನು ನನಗೆ ಬರೀ ನೀನೇ, ಆದರೆ ಪುಟದ ಮೇಲೆ ನಿನ್ನ ಹೆಸರು ಕಂಡ ತಕ್ಷಣ ನನಗೆ ಮಸೀದಿ ಬೇಕು, ಬುರ್ಖಾ ಬೇಕು, ತಲಾಖ್ ಬೇಕು, ಒಬ್ಬ ಕೆಟ್ಟ ಮೌಲ್ವಿ ಬೇಕು. ಅದು ಸಿಗದಿದ್ದರೆ ಏನೋ ಮುಚ್ಚಿಟ್ಟಿದ್ದಾನೆ ಅನ್ನಿಸುತ್ತೆ. ಇದನ್ನು ಬರೆಯಲು ನಾಚಿಕೆಯಾಗುತ್ತೆ, ಆದರೆ ಇದೇ ನಿಜ.

ಅದಕ್ಕೂ ಮುಂಚಿನ ಕಥೆ ನೆನಪಿದೆಯಾ? ಮದುವೆಯಲ್ಲಿ ಗಂಡ ಕೊಡಬೇಕಾದ ಮೆಹರ್ ಹಣವೂ ಕೈಗೆ ಸಿಗದೆ ತವರಿಗೆ ವಾಪಸ್ ಬಂದ ಅಕ್ಕನ ಕಥೆ. ಅವತ್ತು ಎಷ್ಟು ಚಪ್ಪಾಳೆ! "ಎಂಥ ಧೈರ್ಯ ಮಾರಾಯ, ನಿಮ್ಮಲ್ಲಿ ಹೀಗೆ ಬರೆಯೋರು ಯಾರಿದ್ದಾರೆ" ಅಂತ ನಾನೇ ಎದ್ದು ನಿಂತು ಹೇಳಿದ್ದೆ. ಅದು ಅಚ್ಚಾದ ಮೇಲೆ ಯಾವುದೋ ಮದುವೆ ಊಟದಲ್ಲಿ ಒಬ್ಬ ಹಿರಿಯರು ನಿನ್ನ ಹೆಗಲ ಮೇಲೆ ಕೈಯಿಟ್ಟು, "ಬೇಟಾ, ನಮ್ಮ ಮನೆ ಹುಳುಕು ಅವರಿಗೆ ಯಾಕೆ ತೋರಿಸ್ತೀಯ" ಅಂದರಂತೆ. ನೀನು ಅದನ್ನು ನಗುತ್ತಾ ಹೇಳಿದೆ, ನಾನು ಅದನ್ನೂ ನಿನ್ನ ಧೈರ್ಯಕ್ಕೆ ಸಾಕ್ಷಿ ಅಂತ ತಗೊಂಡೆ. ಈಗ ಅನ್ನಿಸುತ್ತೆ, ನಮ್ಮ ಚಪ್ಪಾಳೆಗೂ ಅವರ ಮಾತಿಗೂ ಅಂಥ ವ್ಯತ್ಯಾಸ ಇರಲಿಲ್ಲ. ನಮಗೆ ನೀನು ಹುಳುಕು ತೋರಿಸಬೇಕಿತ್ತು, ಅವರಿಗೆ ನೀನು ಅದನ್ನು ಮುಚ್ಚಬೇಕಿತ್ತು. ಆ ಅಕ್ಕ ಅಡುಗೆಮನೆಯ ಕಿಟಕಿ ಹತ್ತಿರ ನಿಂತು ಅಳುವುದಕ್ಕೂ ಆಗದೆ ಅಕ್ಕಿ ಆರಿಸುತ್ತಿದ್ದಳಲ್ಲ, ಅವಳನ್ನು ನಾವೂ ನೋಡಲಿಲ್ಲ, ಅವರೂ ನೋಡಲಿಲ್ಲ.

ಇದೆಲ್ಲ ಮತ್ತೆ ತಲೆಗೆ ಬಂದಿದ್ದು ಕಥೆಗಾರ್ತಿ ಬಾನು ಮುಷ್ತಾಕ್ ಅವರಿಂದ. 2025ರ ಮೇ ತಿಂಗಳಲ್ಲಿ ಲಂಡನ್‌ನಲ್ಲಿ ಅವರಿಗೆ ಅಂತರರಾಷ್ಟ್ರೀಯ ಬುಕರ್ ಪ್ರಶಸ್ತಿ ಬಂದಾಗ ನಮ್ಮ ಹಾಸನದಲ್ಲಿ ಎಷ್ಟು ಸಂಭ್ರಮ ಅಲ್ವಾ. ಕನ್ನಡಕ್ಕೆ ಮೊದಲ ಸಲ, ಸಣ್ಣಕಥೆಗಳ ಸಂಕಲನವೊಂದಕ್ಕೂ ಮೊದಲ ಸಲ. ಮೂವತ್ತಕ್ಕೂ ಹೆಚ್ಚು ವರ್ಷ ಇದೇ ಊರಲ್ಲಿ ವಕೀಲಿಕೆ ಮಾಡುತ್ತಾ, ಚಳವಳಿಯಲ್ಲಿ ಓಡಾಡುತ್ತಾ ಬರೆದ ಕಥೆಗಳಲ್ಲಿ ಹನ್ನೆರಡನ್ನು ದೀಪಾ ಭಾಸ್ತಿ ಆರಿಸಿ ಇಂಗ್ಲಿಷಿಗೆ ತಂದಿದ್ದರು. ದೀಪಾ ಒಂದು ಒಳ್ಳೆಯ ಕೆಲಸ ಮಾಡಿದ್ದಾರೆ. ಕನ್ನಡ, ಉರ್ದು, ಅರಬಿ ಮಾತುಗಳನ್ನು ವಾಲಿದ ಅಕ್ಷರದಲ್ಲಿ, ಅಂದರೆ ಇಟಾಲಿಕ್ಸ್ ಅಂತಾರಲ್ಲ ಅದರಲ್ಲಿ, ಹಾಕಿ ಬೇರೆ ಮಾಡಲಿಲ್ಲ, ಉಳಿದ ಮಾತುಗಳ ಜೊತೆ ನೆಟ್ಟಗೆ ನಿಲ್ಲಿಸಿದರು. ಅದು ನನಗೆ ತುಂಬಾ ಹಿಡಿಸಿತು. ನಾವು ಓದುಗರು ಮಾತ್ರ ಆ ಮನೆಗಳನ್ನೇ ವಾಲಿಸಿಟ್ಟು ಓದುತ್ತೇವೆ.

ಬಹುಮಾನ ಬಂದ ವಾರ ನಾನು ಬಾನು ಅವರ "ಎದೆಯ ಹಣತೆ" ಕಥೆಯನ್ನು ಮತ್ತೆ ತೆಗೆದೆ. ಮೆಹರುನ್ ಗಂಡನನ್ನು ಬಿಟ್ಟು ತವರಿಗೆ ಬರುತ್ತಾಳೆ. ತವರಿನವರು ಅವಳನ್ನು ಇಟ್ಟುಕೊಳ್ಳುವುದಿಲ್ಲ, ತಾವೇ ಕರೆದುಕೊಂಡು ಹೋಗಿ ಗಂಡನ ಮನೆಗೆ ಬಿಟ್ಟುಬರುತ್ತಾರೆ. ರಾತ್ರಿ ಅವಳು ಸೀಮೆಎಣ್ಣೆ ಸುರಿದುಕೊಂಡು ಕಡ್ಡಿಪೆಟ್ಟಿಗೆ ಹಿಡಿದು ನಿಂತಾಗ ಮಗಳು ಸಲ್ಮಾ ಕೂಸನ್ನು ಎತ್ತಿಕೊಂಡು ಓಡಿಬಂದು ತಡೆಯುತ್ತಾಳೆ. ಮೊದಲ ಸಲ ಓದಿದಾಗ ನಾನು ಇದನ್ನು "ಮುಸ್ಲಿಂ ಹೆಣ್ಣಿನ ಪಾಡು" ಅಂತ ಒಂದು ಸಾಲಿನಲ್ಲಿ ತೀರಿಸಿಬಿಟ್ಟಿದ್ದೆ. ಈ ಸಲ ಓದುವಾಗ ನನಗೆ ನಮ್ಮ ಸೋದರತ್ತೆ ನೆನಪಾದರು. ಮೂರು ಸಲ ತವರಿಗೆ ಬಂದರು. ಮೂರು ಸಲವೂ ನಮ್ಮ ತಾತನೇ ಬಸ್ಸಿನಲ್ಲಿ ಪಕ್ಕದಲ್ಲಿ ಕೂರಿಸಿಕೊಂಡು ಹೋಗಿ ಬಿಟ್ಟುಬಂದರು. ಮೂರನೇ ಸಲ ಅತ್ತೆ ಹೊಸಲು ದಾಟುವಾಗ ಹಿಂದೆ ತಿರುಗಿ ನೋಡಲಿಲ್ಲ ಅಂತ ಅಮ್ಮ ಈಗಲೂ ಹೇಳುತ್ತಾರೆ. ಮೆಹರುನ್ ನಮ್ಮ ಮನೆಯಲ್ಲೇ ಇದ್ದಳು ಕಣೋ. ಬರೆದವರ ಹೆಸರು ನೋಡಿ ನಾನು ಅವಳನ್ನು ಬೇರೆ ಬೀದಿಗೆ ಕಳಿಸಿದ್ದೆ.

ಬಾನು ಅವರಂತೂ ಈ ಎರಡು ಕಡೆಯ ಪೆಟ್ಟನ್ನೂ ತಿಂದವರು. ಹೆಂಗಸರೂ ಮಸೀದಿಗೆ ಹೋಗಿ ಪ್ರಾರ್ಥನೆ ಮಾಡಬಹುದು ಅಂದದ್ದಕ್ಕೆ 2000ದಲ್ಲಿ ಅವರಿಗೂ ಮನೆಯವರಿಗೂ ಬಹಿಷ್ಕಾರ ಹಾಕಿದರು, ಒಬ್ಬ ಚಾಕು ಹಿಡಿದುಕೊಂಡೂ ಬಂದ. ಇಪ್ಪತ್ತೈದು ವರ್ಷ ಆದ ಮೇಲೆ, 2025ರ ಮೈಸೂರು ದಸರಾ ಉದ್ಘಾಟನೆಗೆ ಅವರನ್ನು ಕರೆದಾಗ, ಈ ಕಡೆಯವರು ಇವರು ಹೇಗೆ ಚಾಮುಂಡಿಗೆ ಹೂವು ಹಾಕುತ್ತಾರೆ ಅಂತ ಕೋರ್ಟಿಗೆ ಹೋದರು. ಹೈಕೋರ್ಟಿನಲ್ಲೂ ನಿಲ್ಲಲಿಲ್ಲ, ಸುಪ್ರೀಂ ಕೋರ್ಟಿನಲ್ಲೂ ನಿಲ್ಲಲಿಲ್ಲ, ಸೆಪ್ಟೆಂಬರ್ 22ರಂದು ಅವರು ಬೆಟ್ಟ ಹತ್ತಿದರು. 2017ರಲ್ಲಿ ಕವಿ ನಿಸಾರ್ ಅಹಮದ್ ಅವರೂ ಅದೇ ಬೆಟ್ಟದ ಮೇಲೆ ದಸರಾ ಉದ್ಘಾಟನೆ ಮಾಡಿದ್ದರು. "ನಿತ್ಯೋತ್ಸವ" ಹಾಡುವಾಗ ಯಾರೂ ಕವಿಯ ಧರ್ಮ ಕೇಳುವುದಿಲ್ಲ ಅಂತ ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಆದರೆ ಅದೇ ಕವಿ "ನಿಮ್ಮೊಡನಿದ್ದೂ ನಿಮ್ಮಂತಾಗದೆ" ಅಂತಲೂ ಬರೆದರು. ಅದನ್ನು ಯಾವ ವೇದಿಕೆಯಲ್ಲೂ ನಾವು ಒಟ್ಟಿಗೆ ಹಾಡಿದ್ದು ನನಗೆ ನೆನಪಿಲ್ಲ.

ಕಾಲೇಜಿನಲ್ಲಿ ನಮಗೆ ಟಿಪ್ಪಣಿ ಬರೆಸಿದ್ದರಲ್ಲ, ಅದು ಇನ್ನೂ ನನ್ನ ಹಳೆಯ ನೋಟ್‌ಬುಕ್ಕಿನಲ್ಲಿದೆ. ಅನಂತಮೂರ್ತಿಯವರ "ಸಂಸ್ಕಾರ" ಅಂದರೆ ಮನುಷ್ಯನ ಆಯ್ಕೆಯ ಪ್ರಶ್ನೆ. ಸಾರಾ ಅಬೂಬಕ್ಕರ್ ಅವರ "ಚಂದ್ರಗಿರಿಯ ತೀರದಲ್ಲಿ" ಅಂದರೆ ಮುಸ್ಲಿಂ ಸಮಾಜದ ಚಿತ್ರಣ. ಎರಡನ್ನೂ ಒಂದೇ ಪುಟದಲ್ಲಿ, ನನ್ನದೇ ಕೈಬರಹದಲ್ಲಿ ಬರೆದುಕೊಂಡಿದ್ದೇನೆ, ಎಲ್ಲೂ ಪೆನ್ನು ತಡೆದಿಲ್ಲ. 1965ರ "ಸಂಸ್ಕಾರ"ವೂ ಒಂದು ಅಗ್ರಹಾರದ ಕಥೆಯೇ ತಾನೆ? ಮಾಧ್ವರ ಆಚಾರ, ಒಂದು ಹೆಣ, ಅದನ್ನು ಸುಡುವವರು ಯಾರು ಅನ್ನುವ ಜಗಳ. ಆ ಪುಸ್ತಕಕ್ಕೂ, ಆಮೇಲೆ ಬಂದ ಸಿನಿಮಾಕ್ಕೂ ಬ್ರಾಹ್ಮಣರಿಂದ ವಿರೋಧ ಬಂತು, ಲೇಖಕರು ತಮ್ಮವರಿಗೇ ದ್ರೋಹ ಮಾಡಿದರು ಅನ್ನುವ ಮಾತೂ ಬಂತು. ಅದೆಲ್ಲ ನಿಜ. ಆದರೆ ಉಳಿದ ಓದುಗರು ಅದರ ನಾಯಕ ಪ್ರಾಣೇಶಾಚಾರ್ಯರನ್ನು ಅಗ್ರಹಾರದಿಂದ ಹೊರಗೆ ನಡೆಸಿಕೊಂಡು ಬಂದು, ಇವನು ನಾನೇ ಅಂದರು.

ಸಾರಾ ಅವರ ನಾದಿರಾಳಿಗೆ ಆ ಭಾಗ್ಯ ಸಿಗಲಿಲ್ಲ. ಅಪ್ಪನ ಹಟಕ್ಕೆ ತಲಾಖ್ ಆಗುತ್ತೆ. ಗಂಡನಿಗೆ ಇವಳು ಬೇಕು, ಇವಳಿಗೂ ಗಂಡ ಬೇಕು. ಮತ್ತೆ ಸೇರಬೇಕಾದರೆ ನಡುವೆ ಬೇರೆ ಒಬ್ಬನನ್ನು ಮದುವೆಯಾಗಿ ಒಂದು ರಾತ್ರಿ ಕಳೆಯಬೇಕು ಅಂತ ಗಂಡಸರು ಸೇರಿ ತೀರ್ಮಾನ ಮಾಡುತ್ತಾರೆ. ಅವಳು ಮಸೀದಿಯ ಕೊಳಕ್ಕೆ ಬೀಳುತ್ತಾಳೆ. ಒಬ್ಬ ಅಪ್ಪ ತನ್ನ ಮಾತು ನಡೆಯಬೇಕು ಅಂತ ಮಗಳನ್ನು ಕಳೆದುಕೊಳ್ಳುವ ಈ ಕಥೆಯಲ್ಲಿ ನಮ್ಮ ಕಣ್ಣಿಗೆ ಬಿದ್ದಿದ್ದು ತಲಾಖ್ ಒಂದೇ. ಎಂಬತ್ತರ ದಶಕದಲ್ಲಿ ಬರೆಯತೊಡಗಿದಾಗಿನಿಂದ ಅವರಿಗೂ ಒಳಗಿನಿಂದ ಬೈಗುಳ, ಹೊರಗಿನಿಂದ ಇದೇ ಥರದ ಚಪ್ಪಾಳೆ. ಕಾಸರಗೋಡಿನಲ್ಲಿ ಹುಟ್ಟಿ ಕನ್ನಡದಲ್ಲಿ ಓದಿ, ಕನ್ನಡವನ್ನೇ ಹಿಡಿದು ಬರೆದ ಹೆಂಗಸು. 2023ರ ಜನವರಿಯಲ್ಲಿ ತೀರಿಕೊಂಡ ದಿನ ಅವರ ಗಟ್ಟಿತನದ ಬಗ್ಗೆ ಎಲ್ಲರೂ ಬರೆದರು, ನಾನೂ ನಾಲ್ಕು ಸಾಲು ಬರೆದೆ. ನಾದಿರಾಳ ಬಗ್ಗೆ ನಾನು ಒಂದು ಮಾತೂ ಬರೆಯಲಿಲ್ಲ.

ಆಮೇಲೆ ಕಾದಂಬರಿಕಾರ ನಾ. ಡಿಸೋಜ. ಅವರನ್ನು ನೆನೆದಾಗ ನನ್ನ ತಪ್ಪು ಇನ್ನೂ ಚೆನ್ನಾಗಿ ಕಾಣುತ್ತೆ. ಸಾಗರದವರು, ಕ್ರೈಸ್ತರು, ಲೋಕೋಪಯೋಗಿ ಇಲಾಖೆಯಲ್ಲಿದ್ದುಕೊಂಡು ಶರಾವತಿ ಮುಳುಗಡೆಯನ್ನು ಹತ್ತಿರದಿಂದ ಕಂಡವರು. ಅವರ "ದ್ವೀಪ"ದಲ್ಲಿ ಇರುವುದು ಗಣಪಯ್ಯ, ನಾಗವೇಣಿ, ಸುತ್ತ ಏರುತ್ತಿರುವ ನೀರು. ಇದರಲ್ಲಿ ನಿಮ್ಮ ಇಗರ್ಜಿ ಎಲ್ಲಿ ಸ್ವಾಮಿ ಅಂತ ಆ ಪುಸ್ತಕ ಹಿಡಿದು ನಾನು ಕೇಳಲಿಲ್ಲ. ನಾಗವೇಣಿ ನಿಮಗೆ ಹೇಗೆ ಗೊತ್ತು ಅಂತಲೂ ಕೇಳಲಿಲ್ಲ. ಅವರು ಕ್ರೈಸ್ತರ ಬದುಕಿನ ಕಾದಂಬರಿಯನ್ನೂ ಬರೆದರು, ಅದನ್ನೂ ಓದಿದೆ, ಇದನ್ನೂ ಓದಿದೆ. ಡಿಸೋಜರಿಗೆ ಇಡೀ ಮಲೆನಾಡು ಅವರದೇ ಅಂತ ನಾನು ಕೇಳದೆಯೇ ಒಪ್ಪಿಕೊಂಡಿದ್ದೆ. ನಿನಗೆ ಒಂದು ಶುಂಠಿ ಹೊಲವನ್ನೂ ಕೊಡಲಿಲ್ಲ. ಯಾಕೆ ಅಂತ ನನ್ನನ್ನೇ ಕೇಳಿಕೊಂಡೆ. ಮುಸ್ಲಿಂ ಹೆಸರಿನ ಸುತ್ತ ಟಿ.ವಿ.ಯಲ್ಲಿ, ಬೀದಿಯಲ್ಲಿ, ಚುನಾವಣೆಯಲ್ಲಿ ಇಷ್ಟು ವರ್ಷ ಎಬ್ಬಿಸಿದ ಗದ್ದಲ ನನ್ನ ಓದಿನೊಳಗೂ ಬಂದು ಕೂತಿದೆ, ನಾನು ಎಷ್ಟೇ ಒಳ್ಳೆಯವನು ಅಂದುಕೊಂಡರೂ. ಬೇರೆ ಕಾರಣ ನನಗೆ ಸಿಗಲಿಲ್ಲ.

ಕಥೆಗಾರ ಬೊಳುವಾರು ಮಹಮದ್ ಕುಂಞಿ ಈ ಕಟ್ಟನ್ನು ಬಿಚ್ಚಿಕೊಂಡ ರೀತಿ ನನಗೆ ಇಷ್ಟ. ಮುತ್ತುಪ್ಪಾಡಿ ಅಂತ ತಮ್ಮದೇ ಒಂದು ಊರು ಕಟ್ಟಿದರು, ಅಲ್ಲಿ ಎಲ್ಲರೂ ಇದ್ದಾರೆ. ಮಕ್ಕಳಿಗೆ ಗಾಂಧಿಯ ಕಥೆ ಹೇಳಿ 2010ರಲ್ಲಿ ಅಕಾಡೆಮಿಯ ಬಾಲಸಾಹಿತ್ಯ ಪುರಸ್ಕಾರ ತಗೊಂಡರು, "ಸ್ವಾತಂತ್ರ್ಯದ ಓಟ"ಕ್ಕೆ 2016ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ. ಪ್ರವಾದಿಯವರ ಬದುಕನ್ನೇ ಕಾದಂಬರಿ ಮಾಡಿ "ಓದಿರಿ" ಅಂತ ಹೆಸರಿಟ್ಟರು. ನಂಬಿಕೆಯ ಬಗ್ಗೆ ಬರೆಯುವುದೂ ಬೇರೆಯದನ್ನು ಬರೆಯುವುದೂ ಎರಡೂ ತಮ್ಮ ಇಷ್ಟ ಅಂತ ತೋರಿಸಿಕೊಟ್ಟರು. ನಿನ್ನ ಹತ್ತಿರ ಅವರ ಪುಸ್ತಕಗಳೆಲ್ಲ ಇವೆ, ನಾನು ಜಾಸ್ತಿ ಹೇಳಬೇಕಾಗಿಲ್ಲ.

ಇಷ್ಟು ಬರೆದ ಮೇಲೆ, ಹಾಗಾದರೆ ಬರೆದವರ ಧರ್ಮ ಮರೆತು ಓದಬೇಕು ಅಂತೀಯಾ ಅಂತ ನೀನು ಕೇಳಬಹುದು. ಇಲ್ಲ. ನನಗೆ ಅದೂ ಸರಿ ಅನ್ನಿಸುವುದಿಲ್ಲ. ನೀನು ಶುಕ್ರವಾರ ಅಂಗಡಿ ಅರ್ಧ ಬಾಗಿಲು ಹಾಕಿ ನಮಾಜಿಗೆ ಹೋಗುವವನು, ರೋಜಾ ಹಿಡಿಯುವವನು. ಅದು ನಿನ್ನ ಕಥೆಯೊಳಗೆ ಇರದೆ ಎಲ್ಲಿ ಹೋಗುತ್ತೆ? ಆದರೆ ಅದು ಎಲ್ಲಿ ಇರಬೇಕು, ಹೇಗೆ ಕಾಣಬೇಕು ಅಂತ ನಾನು ಮೊದಲೇ ಜಾಗ ಗೊತ್ತು ಮಾಡಿಟ್ಟುಕೊಂಡು ಹುಡುಕುತ್ತಿದ್ದೆ.

ಬಾನು ಅವರದೇ ಇನ್ನೊಂದು ಕಥೆ ತಗೋ, "ಒಮ್ಮೆ ಹೆಣ್ಣಾಗು ಪ್ರಭುವೇ". ಒಬ್ಬ ಹೆಣ್ಣು ತಾನು ಅನುಭವಿಸಿದ್ದನ್ನೆಲ್ಲ ದೇವರ ಮುಂದೆ ಹೇಳಿ, ನೀನೊಮ್ಮೆ ಹೆಣ್ಣಾಗಿ ನೋಡು ಅನ್ನುತ್ತಾಳೆ. ಇದನ್ನು ಎಲ್ಲರೂ ಬಂಡಾಯ ಅಂತಾರೆ, ಧರ್ಮಕ್ಕೆ ಎದುರು ನಿಂತ ಕಥೆ ಅಂತಾರೆ. ನಾನೂ ಹಾಗೇ ಓದಿದ್ದೆ. ಆದರೆ ಯೋಚಿಸು, ವಿಠಲನಿಗೇ ನಿನ್ನ ಹಂಗ್ಯಾಕೆ ಅಂತ ಕೇಳಿದ ಪುರಂದರದಾಸರನ್ನು ನಾವು ಬಂಡಾಯಗಾರ ಅನ್ನುತ್ತೇವಾ? ಅದಕ್ಕೆ ನಿಂದಾಸ್ತುತಿ ಅಂತ ಹೆಸರಿಟ್ಟು ಭಜನೆಯಲ್ಲಿ ತಾಳ ಹಾಕುತ್ತೇವೆ. ದೇವರ ಹತ್ತಿರ ಜಗಳ ಆಡಬೇಕಾದರೆ ಅವನು ಕೇಳಿಸಿಕೊಳ್ಳುತ್ತಾನೆ ಅನ್ನುವ ನಂಬಿಕೆ ಬೇಕು. ಇಲ್ಲದಿದ್ದರೆ ಯಾರ ಹತ್ತಿರ ಜಗಳ? ಆ ಕಥೆಯ ಹೆಣ್ಣು ಮೊದಲಿಂದ ಕೊನೆಯವರೆಗೆ ಬೇರೆ ಯಾರನ್ನೂ ನಂಬಿ ಮಾತಾಡುವುದಿಲ್ಲ, ಗಂಡನನ್ನಲ್ಲ, ಊರನ್ನಲ್ಲ, ಓದುತ್ತಿರುವ ನನ್ನನ್ನೂ ಅಲ್ಲ. ಬಾನು ಅವರ ಮನಸ್ಸಿನಲ್ಲಿ ಏನಿತ್ತು ಅಂತ ನಾನು ಹೇಳಲಾರೆ, ಅದು ಅವರಿಗೆ ಬಿಟ್ಟಿದ್ದು. ಆದರೆ ಆ ಹೆಣ್ಣಿನ ಮಾತು ನನ್ನ ಕಿವಿಗೆ ಈಗ ಪ್ರಾರ್ಥನೆಯ ಥರ ಕೇಳುತ್ತೆ, ಸಿಟ್ಟಿನ ಪ್ರಾರ್ಥನೆ.

ಇದು ಹೊಳೆದ ರಾತ್ರಿಯೇ ನಿನ್ನ ಕಥೆಯ ಜೆರಾಕ್ಸ್ ಹುಡುಕಿದೆ. ಅವತ್ತು ನೀನು ಎಲ್ಲರಿಗೂ ಒಂದೊಂದು ಕೊಟ್ಟಿದ್ದೆ. ಬೀರುವಿನ ಕೆಳಗಿನ ಖಾನೆಯಲ್ಲಿ ಕರೆಂಟ್ ಬಿಲ್ಲುಗಳ ನಡುವೆ ಸಿಕ್ಕಿತು.

ಐದನೇ ಪುಟದಲ್ಲಿ ಒಂದು ಜಾಗ ಇದೆ. ಮೇಸ್ತ್ರಿ ಚೀಲದಿಂದ ಒಂದು ಪೊಟ್ಟಣ ತೆಗೆದು ರೈತನ ಮುಂದೆ ಇಡುತ್ತಾನೆ. ಒಳಗೆ ಸುಟ್ಟ ಹಳೆಯ ತಾಮ್ರದ ತಂತಿ. ತೂಕ ಹಾಕಿ ಚೀಟಿಯಲ್ಲಿ ಬರೆದಿದ್ದಾನೆ. "ಇದು ನಿಮ್ಮದು. ಬೇಕಾದ್ರೆ ತಗೊಳ್ಳಿ, ನನಗೇ ಬಿಟ್ರೆ ಇದರ ದುಡ್ಡು ಕೂಲಿಯಲ್ಲಿ ಕಳೀತೀನಿ" ಅನ್ನುತ್ತಾನೆ. ರೈತ, ಅಯ್ಯೋ ಅದನ್ನು ಯಾರು ಕೇಳ್ತಾರೆ ಅಂತಾನೆ. ಮೇಸ್ತ್ರಿ, "ಕೇಳೋರು ಇದ್ದಾರೆ" ಅಂದು ಆಕಾಶವನ್ನೂ ನೋಡುವುದಿಲ್ಲ, ಏನೂ ಮಾಡುವುದಿಲ್ಲ, ಬೀಡಿ ಹಚ್ಚುತ್ತಾನೆ. ಅಷ್ಟೇ. ಮೂರೇ ಸಾಲು. ಅವತ್ತು ಕೇಳುವಾಗ ಅದು ನನ್ನ ಕಿವಿಯ ಪಕ್ಕದಲ್ಲೇ ಹಾದುಹೋಗಿತ್ತು, ಯಾಕೆಂದರೆ ನಾನು ಟೋಪಿ ಹುಡುಕುತ್ತಿದ್ದೆ.

ನಿಮ್ಮ ಅಬ್ಬಾ ಅಂಗಡಿಯ ಮೂಲೆಯಲ್ಲಿ ಆ ಸಣ್ಣ ತಕ್ಕಡಿ ಇತ್ತಲ್ಲ. ಮೋಟಾರ್ ಬಿಚ್ಚಿದ ಹಳೆಯ ತಾಮ್ರವನ್ನು ಕೇಳದೆ ಇಟ್ಟುಕೊಳ್ಳುವ ಅಂಗಡಿಗಳ ಸಾಲಿನಲ್ಲೇ ಅವರು ಮಾತ್ರ ಅದನ್ನು ತೂಗಿ ಗಿರಾಕಿಗೆ ತೋರಿಸುತ್ತಿದ್ದರು. "ಹಲಾಲ್ ಅಂದ್ರೆ ಬರೀ ಮಾಂಸ ಅಲ್ಲ ಬೇಟಾ, ತಂತಿನೂ" ಅಂತ ಒಂದು ಸಲ ನನಗೇ ಹೇಳಿದ್ದರು. ಆಗ ನಾವು ಪಿಯುಸಿಯಲ್ಲಿದ್ದೆವು, ನೀನು ಆರ್ಮೇಚರ್‌ಗೆ ವಾರ್ನಿಷ್ ಹಚ್ಚುತ್ತಿದ್ದೆ. ಆ ಮಾತು ಕೇಳಿದವನು ನಾನೇ, ಆ ತಕ್ಕಡಿ ನೋಡಿದವನೂ ನಾನೇ. ಆದರೂ ಹನ್ನೆರಡು ಜನರ ಮುಂದೆ, ಇದರಲ್ಲಿ ನಿಮ್ಮವರ ಬದುಕು ಎಲ್ಲಿ ಅಂತ ಕೇಳಿದೆ. ಅವರು ಅಲ್ಲೇ ಕೂತಿದ್ದರು, ಗೋಣಿಚೀಲದ ಮೇಲೆ.

ಆ ಪುಟ ಮುಗಿಸಿದ ಮೇಲೆ ತುಂಬಾ ಹೊತ್ತು ದೀಪ ಆರಿಸಲಿಲ್ಲ. ಕ್ಷಮಿಸು ಕಣೋ.

ಆ ಮೇಲೆ ಒಬ್ಬ ಸಂಪಾದಕರು ಅದೇ ಕಥೆಯನ್ನು ವಾಪಸ್ ಕಳಿಸಿದರಂತೆ, "ನಿಮ್ಮ ಸಮುದಾಯದ ಒಳಗಿನ ಅನುಭವ ಬರೆಯಿರಿ, ಅದು ನಮಗೆ ಬೇಕು" ಅಂತ. ಇದನ್ನೂ ಅಮ್ಮಿಯೇ ಹೇಳಿದ್ದು. ನೀನು ನನಗೆ ಹೇಳಲಿಲ್ಲ. ಹೇಳಿದ್ದರೆ ನಾನು ಅವರನ್ನು ಬೈಯುತ್ತಿದ್ದೆ, ಮತ್ತೆ ನಾನು ಕೇಳಿದ್ದೂ ಅದನ್ನೇ ಅಂತ ನನಗೆ ಗೊತ್ತೂ ಆಗುತ್ತಿರಲಿಲ್ಲ.

ಮೇಸ್ತ್ರಿಗೆ ಹೆಸರು ಇಡಬೇಡ. ನಾಳೆ ನಿನಗೆ ಮಸೀದಿಯ ಬಗ್ಗೆ, ಜಮಾತಿನ ಬಗ್ಗೆ, ಅಮ್ಮಿಯ ತಸ್ಬೀಹ್ ಮಣಿಸರದ ಬಗ್ಗೆ ಬರೆಯಬೇಕು ಅನ್ನಿಸಿದರೆ ಬರೆ, ಬೈದು ಬರೆ, ಹೊಗಳಿ ಬರೆ. ಅನ್ನಿಸದಿದ್ದರೆ ಬೋರ್‌ವೆಲ್ ಲಾರಿ ಬಗ್ಗೆ ಬರೆ. ಆಲೂಗಡ್ಡೆ ಮಂಡಿಯಲ್ಲಿ ಮೂಟೆ ಹೊರುವವರ ಬಗ್ಗೆ ಏನೋ ಶುರು ಮಾಡಿದ್ದೆಯಲ್ಲ, ಅದು ಏನಾಯಿತು?

ನನ್ನ ಹತ್ತಿರ ಇರುವ ಜೆರಾಕ್ಸಿನ ಕೊನೆಯ ಪುಟದಲ್ಲಿ ನಾನು ಅವತ್ತು ಪೆನ್ಸಿಲ್ಲಿನಲ್ಲಿ "ಹೆಸರು?" ಅಂತ ಬರೆದು ಎರಡು ಸಲ ಗೆರೆ ಎಳೆದಿದ್ದೆ. ನಿನ್ನೆ ಅಳಿಸಿದೆ. ಒತ್ತಿ ಬರೆದಿದ್ದರಿಂದ ಗುರುತು ಇನ್ನೂ ಕಾಣುತ್ತೆ. ಬರುವ ಭಾನುವಾರ ಅದನ್ನೇ ತಗೊಂಡು ಅಂಗಡಿಗೆ ಬರುತ್ತೇನೆ. ಐದನೇ ಪುಟವನ್ನು ನೀನು ಒಂದು ಸಲ ನನಗೆ ಓದಿ ಹೇಳಬೇಕು, ನಿಧಾನಕ್ಕೆ, ಚಹಾ ಆಮೇಲೆ ಕುಡಿಯೋಣ.

ಅಮ್ಮಿಗೆ ನನ್ನ ಸಲಾಂ ಹೇಳು.

ನಿನ್ನ,
ಅದೇ ಬೆಂಚಿನವನು